ಕುಬರಾ ಆಪಾ ಮತ್ತು ಮೇಲಿನ ಗಾಡಿ

ಬೀದರ ಬಸ್ ನಿಲ್ದಾಣದಲ್ಲಿ ಇನ್ನೂ ಮಬ್ಬುಗತ್ತಲು. ಚಹಾದಂಗಡಿಯ ಒಲೆ ಈಗಷ್ಟೇ ಹೊತ್ತಿದೆ. ಶಹರಕ್ಕೆ ಹೋಗುವ ಮೊದಲ ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಕಿಟಕಿಗಳತ್ತ ಕೈಗಳು ಏಳುತ್ತವೆ. ಟಾವೆಲ್ಲು, ದಸ್ತಿ, ಚೀಲ, ಯಾರದೋ ಒಂದು ಟೋಪಿ, ಎಲ್ಲ ಒಳಗೆ ಹಾರಿ ಸೀಟಿನ ಮೇಲೆ ಬೀಳುತ್ತವೆ. ನಮ್ಮ ಕಡೆ ಟಾವೆಲ್ಲು ಬಿದ್ದ ಸೀಟಿಗೆ ಕೋರ್ಟಿನ ಆದೇಶಕ್ಕಿಂತ ಹೆಚ್ಚು ಮರ್ಯಾದೆ. ಈ ಗದ್ದಲದ ಹೊರಗೆ, ಕಂಬಕ್ಕೆ ಒರಗಿ, ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಕುಬರಾ ಬೇಗಂ ನಿಂತಿದ್ದಾರೆ. ಒಂದು ಕೈಯಲ್ಲಿ ರೊಟ್ಟಿಯ ಡಬ್ಬಿ, ಇನ್ನೊಂದರಲ್ಲಿ ಭಾಲ್ಕಿ ಕಡೆಯ ಖಟಕ ಚಿಂಚೋಳಿ ಎಂಬ ಹಳ್ಳಿಯ ಸುಭದ್ರಾಬಾಯಿಯ ಕೈ. ಸುಭದ್ರಾಬಾಯಿಯ ಸೊಸೆ ಕರುಣಾ ಆಗಲೇ ಹಳದಿ ಟಾವೆಲ್ಲು ಎಸೆದು ಮೂವರಿಗೂ, ಕುಬರಾ ಅವರ ಕೆಲಸ ನೋಡಿ ಬರೆಯಲು ಜೊತೆಗೆ ಹೊರಟ ನನಗೂ ಸೀಟು ಹಿಡಿದಿದ್ದಾಳೆ.

ಶಹರದ ಕಣ್ಣಾಸ್ಪತ್ರೆಯಲ್ಲಿ ಸುಭದ್ರಾಬಾಯಿಯ ಪಾಳಿ ಇರುವುದು ಮಧ್ಯಾಹ್ನ. ಶಹರ ನಾಲ್ಕು ತಾಸಿನ ಹಾದಿ. ಇಷ್ಟು ನಸುಕಿನಲ್ಲಿ ಯಾಕೆ ಹೊರಡಬೇಕೋ ನನಗೆ ಬಗೆಹರಿಯುವುದಿಲ್ಲ. ಕೇಳಿದರೆ ಕುಬರಾ, "ಬೇಕಾಗ್ತದರಿ ಭಾಯ್," ಎಂದಷ್ಟೇ ಹೇಳಿ ಬಸ್ಸು ಹತ್ತುತ್ತಾರೆ.

ಬೀದರದವರಿಗೆ ಶಹರ ಅಂದರೆ ಒಂದೇ. ಅದರ ಹೆಸರು ಹೇಳುವ ಅಗತ್ಯ ಇಲ್ಲಿ ಯಾರಿಗೂ ಬೀಳುವುದಿಲ್ಲ. ಇಲ್ಲಿನ ವೈದ್ಯರು ಕೈ ಚೆಲ್ಲಿದರೆ ಅಲ್ಲಿಗೆ ಓಡುವುದು ರೂಢಿ. ಭಾಲ್ಕಿ, ಔರಾದ ಕಡೆಯ ಹೆಂಗಸರನ್ನು ಹೀಗೆ ಅಲ್ಲಿಗೆ ಕರೆದೊಯ್ದು, ತೋರಿಸಿ, ಸಂಜೆ ಹೊಳ್ಳಿ ಕರೆತರುವುದೇ ಕುಬರಾ ಅವರ ಕೆಲಸ. ಮೊದಲು ಇಲ್ಲಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಅದು ಬಾಗಿಲು ಹಾಕಿತು. ಗಂಡ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಮುಂದೇನು ಎಂದು ಕೂತಿದ್ದಾಗ, ಗುರುತಿನವರೊಬ್ಬರು ಸಂತಪುರದಿಂದ ಬಂದು ತಮ್ಮ ತಾಯಿಯ ಜೊತೆ ಶಹರಕ್ಕೆ ಹೋಗಿಬರುವಿರಾ ಎಂದು ಕೇಳಿದರಂತೆ. ಅಲ್ಲಿಂದ ಶುರುವಾದದ್ದು ಈಗ ವಾರಕ್ಕೆ ಮೂರು ಸಲ. ದೂರದ ಊರಿನವರು ಹಿಂದಿನ ದಿನವೇ ಬಂದು ಹಳೆ ಬೀದರದ ಇವರ ಮನೆಯಲ್ಲೇ ಉಂಡು ಮಲಗುತ್ತಾರೆ.

"ಈ ಕೆಲಸಕ್ಕ ಹೆಸರಿಲ್ರಿ," ಎಂದು ಕುಬರಾ ನಗುತ್ತಾರೆ. "ಆಯಾ ಅಲ್ಲ, ನರ್ಸ್ ಅಲ್ಲ, ಬೀಗರೂ ಅಲ್ಲ. ಕೂಡ ಹೋಗ್ತೇನಿ, ಕೂಡ ಬರ್ತೇನಿ. ಅಷ್ಟೇ."

ಈ ಸಲದ ಪ್ರಯಾಣ ಹಗುರದ್ದಲ್ಲ. ಸಕ್ಕರೆ ಕಾಯಿಲೆ ಸುಭದ್ರಾಬಾಯಿಯ ಒಂದು ಕಣ್ಣನ್ನು ಆಗಲೇ ತಿಂದಿದೆ. ಉಳಿದ ಕಣ್ಣಿಗೆ ತಿಂಗಳಿಗೊಮ್ಮೆ ಸೂಜಿ ಹಾಕಿಸಬೇಕು. ಹೋದ ತಿಂಗಳು ಅತ್ತೆ-ಸೊಸೆ ಇಬ್ಬರೇ ಹೋಗಿ, ಶಹರದೊಳಗೆ ದಾರಿ ತಪ್ಪಿ, ಪಾಳಿ ಕಳೆದುಕೊಂಡು ಬಂದರು. ಇನ್ನೊಮ್ಮೆ ತಪ್ಪಿದರೆ ಆ ಕಣ್ಣಿನ ಆಸೆ ಬಿಡಿ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ.

ದಾರಿ ತಪ್ಪಿಸಿದ್ದು ಶಹರದ ಲಘು ರೈಲು. ಕಂಬಗಳ ಮೇಲೆ ಓಡುವ ಅದನ್ನು ನಮ್ಮವರು 'ಮ್ಯಾಲಿನ ಗಾಡಿ' ಅನ್ನುತ್ತಾರೆ. ನೋಡಲು ಚೆಂದ, ಒಳಗೆ ತಂಪು, ಸುಳ್ಳು ಹೇಳಬಾರದು. ಆದರೆ ಅದನ್ನು ಕಟ್ಟಿದವರು ಅದರಲ್ಲಿ ಯಾವತ್ತಾದರೂ ಒಬ್ಬ ಮುದುಕಿಯನ್ನು ಕರೆದುಕೊಂಡು ಹೋಗಿದ್ದಾರೋ ಇಲ್ಲವೋ, ನನಗೆ ಸಂಶಯ. ಶಹರ ಮುಟ್ಟಿ ನಾವು ಬಸ್ಸು ಇಳಿಯುವಲ್ಲಿಂದ ಅದರ ನಿಲ್ದಾಣ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ನಡುವೆ ದೊಡ್ಡ ರಸ್ತೆ. ಲಿಫ್ಟಿಗೆ 'ದುರಸ್ತಿಯಲ್ಲಿದೆ' ಎಂಬ ಹಲಗೆ ತೂಗಿ ಎಷ್ಟು ಕಾಲವಾಯಿತೋ, ಈಗ ಆ ಹಲಗೆಯೇ ದುರಸ್ತಿಗೆ ಬಂದಿದೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಒಂದೇ ನಿಲ್ದಾಣದ ಹೆಸರು ಹೇಳುವ ಎರಡು ಬಾಣ, ಒಂದು ಎಡಕ್ಕೆ, ಒಂದು ಬಲಕ್ಕೆ. ಧ್ವನಿವರ್ಧಕ ಮೂರು ಭಾಷೆಯಲ್ಲಿ ಕೂಗುತ್ತದೆ, ಮೂರರಲ್ಲೂ ಕನ್ನಡವಿಲ್ಲ. ಓದು ಬಲ್ಲ ನಾನೇ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತೇನೆ.

ಕುಬರಾ ಅವರಿಗಾದರೂ ಗೊತ್ತಿರಬೇಕಲ್ಲ ಎಂದು ತಿರುಗಿದರೆ, ಅವರೂ ಬಾಣಗಳನ್ನೇ ನೋಡುತ್ತಿದ್ದಾರೆ.

"ಆಪಾ, ಯಾವ ಕಡಿ?"

"ನನಗೇನ್ ಗೊತ್ರಿ! ಹ್ವಾದ ವಾರ ಈ ಕಡಿ ಇತ್ತು."

ದಾರಿ ಗೊತ್ತಿಲ್ಲದೆ ದಾರಿ ತೋರಿಸುವವರನ್ನು ನಾನು ಕಂಡದ್ದು ಇದೇ ಮೊದಲು.

ಅಷ್ಟರಲ್ಲಿ ಗಾಡಿ ಬಂದು ಬಾಗಿಲು ತೆರೆಯುತ್ತದೆ. ಖಾಲಿ ಸೀಟು ಕಂಡದ್ದೇ ತಡ, ಕರುಣಾ ಕೈಚೀಲವನ್ನು ಅತ್ತೆಯ ಕಾಲ ಬಳಿ ಇಟ್ಟು, ಟಾವೆಲ್ಲು ಹಿಡಿದು ಒಳಗೆ ಜಿಗಿಯುತ್ತಾಳೆ. ಭಾಲ್ಕಿಯ ಬಸ್ಸಿನಲ್ಲಿ ಹುಟ್ಟಿನಿಂದ ಮಾಡಿದ್ದನ್ನೇ ಇಲ್ಲಿಯೂ ಮಾಡಿದ್ದು. "ಅತ್ತಿ, ಸೀಟ ಹಿಡದೀನಿ, ಬರ್ರಿ!" ಎಂದು ಅವಳು ಕೂಗುವಷ್ಟರಲ್ಲಿ ಬಾಗಿಲು ಮುಚ್ಚುತ್ತದೆ. ನಮ್ಮ ಕಂಡಕ್ಟರನಾದರೆ ಬೈದಾದರೂ ಸೀಟಿ ಊದಿ ನಿಲ್ಲಿಸುತ್ತಿದ್ದ. ಇಲ್ಲಿ ಬೈಯುವವರೂ ಇಲ್ಲ. ಗಾಜಿನಾಚೆ ಹಳದಿ ಟಾವೆಲ್ಲು ಹಿಡಿದ ಕರುಣಾ ಸರಿದು ಹೋಗುತ್ತಾಳೆ. ಅವಳ ಫೋನು, ಆಸ್ಪತ್ರೆಯ ಕಾಗದ ಎಲ್ಲ ಇಲ್ಲೇ ಚೀಲದಲ್ಲಿ ಉಳಿದಿವೆ.

ಸುಭದ್ರಾಬಾಯಿ ಅಳುವುದಿಲ್ಲ. "ನನ್ನ ಕಣ್ಣ ಹ್ವಾದ್ರ ಹೋಗ್ಲಿ, ಸೊಸಿನ್ನ ಹುಡುಕ್ರಿ ಕುಬರಾ," ಎಂದಷ್ಟೇ ಹೇಳುತ್ತಾರೆ.

ನಾವು ಹಿಂದೆಯೇ ಬಂದ ಇನ್ನೊಂದು ಗಾಡಿ ಹತ್ತಿ ಮುಂದಿನ ನಿಲ್ದಾಣಕ್ಕೆ ಹೊರಡುತ್ತೇವೆ. ನಡುದಾರಿಯಲ್ಲಿ ಎದುರಿನಿಂದ ಬರುವ ಗಾಡಿಯ ಗಾಜಿನಲ್ಲಿ ಹಳದಿ ಟಾವೆಲ್ಲು ಮಿಂಚಿ ಮಾಯವಾಗುತ್ತದೆ. ಕರುಣಾ ನಮ್ಮನ್ನು ಹುಡುಕಿ ವಾಪಸು ಹೋಗುತ್ತಿದ್ದಾಳೆ, ನಾವು ಅವಳನ್ನು ಹುಡುಕಿ ಮುಂದೆ ಬಂದಿದ್ದೇವೆ! ಇಳಿದವನೇ ನಾನು ಮತ್ತೆ ಹಿಂದಕ್ಕೆ ಓಡಲು ಎದುರಿನ ಗಾಡಿ ನಿಲ್ಲುವ ಕಟ್ಟೆಯ ಕಡೆ ಮೆಟ್ಟಿಲು ಹುಡುಕುತ್ತೇನೆ. ಕುಬರಾ ನನ್ನ ತೋಳು ಹಿಡಿದು ನಿಲ್ಲಿಸುತ್ತಾರೆ.

"ಎಲ್ಲಾರೂ ಹುಡುಕಲಾಕ ಹ್ವಾದ್ರ ಸಿಗೋರು ಯಾರ್ರಿ? ಒಬ್ಬರು ಹುಡುಕಬೇಕು, ಒಬ್ಬರು ಒಂದ್ ಕಡಿ ಕೂಡಬೇಕು. ಆಕಿ ಹರೇದಾಕಿ, ಹುಡುಕ್ತಾಳ. ನಾವು ಕೂಡೋಣು."

ಹೇಳಿ, ಮೆಟ್ಟಿಲ ಪಕ್ಕ, ಬರುವ ಹೋಗುವ ಪ್ರತಿಯೊಬ್ಬರಿಗೂ ಕಾಣುವಂತೆ ನೆಲದ ಮೇಲೆ ಕೂತು ಸುಭದ್ರಾಬಾಯಿಯನ್ನೂ ಕೂಡಿಸುತ್ತಾರೆ. ಕಾವಲಿನವನು ಓಡಿ ಬರುತ್ತಾನೆ. ಇಲ್ಲಿ ಕೂಡಬಾರದು, ಕೆಳಗೆ ಕಚೇರಿಯಲ್ಲಿ ಕೇಳಿ ಎಂದು ಗದರುತ್ತಾನೆ. ಕೆಳಗೆ ಹೋದರೆ ಗೇಟು ಟಿಕೆಟು ನುಂಗುತ್ತದೆ, ಮೇಲೆ ಬರಲು ಮತ್ತೊಂದು ಬೇಕು. ಕುಬರಾ ದಖನಿ ಉರ್ದುವಿನಲ್ಲಿ ಅವನಿಗೆ ಏನೋ ಮೆಲ್ಲಗೆ ಹೇಳುತ್ತಾರೆ. ಅವನು ಸುತ್ತ ನೋಡಿ ಹೊರಟು ಹೋಗುತ್ತಾನೆ. ಏನಂದಿರಿ ಎಂದು ಕೇಳುತ್ತೇನೆ.

"ಬೆಂಚಿ ಎಲ್ಲಿ ಅದ ತೋರ್ಸು ಬೇಟಾ, ಅಲ್ಲೇ ಕೂಡ್ತೇವಿ ಅಂದೆ. ಇದ್ರ ತೋರಸ್ತಿದ್ದಾ, ಪಾಪ."

ಡಬ್ಬಿ ಬಿಚ್ಚಿ ಇಬ್ಬರೂ ರೊಟ್ಟಿ ತಿನ್ನುತ್ತಾರೆ. ಸಕ್ಕರೆಯವರು ಹಸಿದಿರಬಾರದಂತೆ. ಗಾಡಿಗಳು ಬರುತ್ತವೆ, ಹೋಗುತ್ತವೆ. ಎಷ್ಟೋ ಹೊತ್ತಿನ ಮೇಲೆ ಒಂದರಿಂದ ಕರುಣಾ ಇಳಿಯುತ್ತಾಳೆ, ಮುಖವೆಲ್ಲ ಕಣ್ಣೀರು. ಎರಡು ಸಲ ಅತ್ತಿಂದಿತ್ತ ತಿರುಗಿದ್ದಳಂತೆ. ಕುಬರಾ ಬೈಯುವುದಿಲ್ಲ, ರೊಟ್ಟಿಯೊಂದನ್ನು ಮಡಚಿ ಅವಳ ಕೈಗಿಡುತ್ತಾರೆ.

ಮುಂದೆ ಆಸ್ಪತ್ರೆಯ ಹೆಸರಿನ ನಿಲ್ದಾಣದಲ್ಲೇ ಇಳಿಯುತ್ತೇವೆ. ಆಸ್ಪತ್ರೆ ಮಾತ್ರ ಅಲ್ಲಿಲ್ಲ. ರಸ್ತೆ ದಾಟಿ, ಕೇಳಿ, ತಪ್ಪಿ, ಮತ್ತೆ ಕೇಳಿ ಸಾಗಬೇಕು. ಉಸಿರು ಕಟ್ಟಿ ಒಳಗೆ ಹೋದರೆ ಗೋಡೆ ಗಡಿಯಾರದಲ್ಲಿ ಇನ್ನೂ ಮಧ್ಯಾಹ್ನವಾಗಿಲ್ಲ. ಸುಭದ್ರಾಬಾಯಿಯ ಹೆಸರನ್ನು ಇನ್ನೂ ಕೂಗಿಲ್ಲ! ನನಗೆ ನಂಬಲಾಗುವುದಿಲ್ಲ.

"ನಸುಕಿನ್ಯಾಗ ಯಾಕ ಅಂತ ಕೇಳಿದ್ರೆಲ್ಲಾ?" ಕುಬರಾ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾರೆ. "ದಾರಿ ನನಗ ಯಾವತ್ತೂ ಸರಿ ತಿಳಿದಿಲ್ರಿ. ಒಂದ್ ಬಾಗಿಲಾ ಮುಚ್ಚತಾರ, ಇನ್ನೊಂದ್ ತೆಗೀತಾರ. ಅದಕ್ಕ ಮಂದಿ ದಾರಿಗಿ ಬುತ್ತಿ ಕಟ್ಟಕೊಂಡಂಗ, ನಾ ದಾರಿ ತಪ್ಪಲಾಕ ಟೈಮ್ ಕಟ್ಟಕೊಂಡು ಹೊಂಡ್ತೇನಿ."

ಸೂಜಿ ಹಾಕಿದ ಡಾಕ್ಟರು, ಕಣ್ಣು ಸದ್ಯ ಉಳಿದಿದೆ, ಮುಂದಿನ ತಿಂಗಳೂ ತಪ್ಪದೆ ಬನ್ನಿ ಅನ್ನುತ್ತಾರೆ. ಕರುಣಾ ಮತ್ತೆ ಅಳುತ್ತಾಳೆ. ಈ ಸಲ ಯಾರೂ ತಡೆಯುವುದಿಲ್ಲ.

ಸಂಜೆ ಹೊಳ್ಳಿ ಹೋಗಲು ಮತ್ತೆ ಆಸ್ಪತ್ರೆಯ ಹೆಸರಿನ ನಿಲ್ದಾಣ, ಅಲ್ಲಿಯೂ ಅಂಥವೇ ಎರಡು ಬಾಣ. ಮೇಲಿನ ಗಾಡಿಯವರಿಗೆ ಏನಾದರೂ ಹೇಳುವುದಿದೆಯೇ ಎಂದು ಕುಬರಾ ಅವರನ್ನು ಕೇಳುತ್ತೇನೆ. "ಒಂದ್ ಬೆಂಚಿ ಹಾಕ್ಲಿ. ಬಾಗಿಲಾ ಜರಾ ತಡೆದು ಮುಚ್ಲಿ. ಬ್ಯಾರೆ ಏನ್ ಬ್ಯಾಡ್ರಿ."

ಗಾಡಿಯ ದೀಪ ಕಾಣುತ್ತದೆ. ಕರುಣಾ ಟಾವೆಲ್ಲು ತೆಗೆಯುತ್ತಾಳೆ. ನಾನು ಗಾಬರಿಯಾಗಿ ಹೆಜ್ಜೆ ಮುಂದಿಡುತ್ತೇನೆ. ಅವಳು ಅದರ ಒಂದು ತುದಿಯನ್ನು ಅತ್ತೆಯ ಮುಂಗೈಗೆ ಕಟ್ಟಿ, ಇನ್ನೊಂದನ್ನು ತನ್ನ ಕೈಗೆ ಸುತ್ತಿಕೊಳ್ಳುತ್ತಾಳೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಸುಭದ್ರಾಬಾಯಿ ಕುಬರಾ ಕಡೆ ತಿರುಗುತ್ತಾರೆ.

"ಇದು ನಮ್ಮ ಗಾಡಿ ಹೌದಲ್ಲ?"

ಕುಬರಾ ನನ್ನ ಮುಖ ನೋಡುತ್ತಾರೆ. ನನಗೂ ಗೊತ್ತಿಲ್ಲ. ಬಾಗಿಲು ತೆರೆಯುತ್ತದೆ. ಕುಬರಾ ಟಾವೆಲ್ಲಿನ ನಡುಭಾಗವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

"ಗೊತ್ತಿಲ್ಲ ಆಯಿ. ಹತ್ತು. ತಪ್ಪಿದ್ರ ಎಲ್ಲಾರೂ ಕೂಡೇ ತಪ್ಪತೇವಿ."