ಬೆರಳಮ್ಮನ ಕೈಗೆ ಸಿಗದ ಹೊಟ್ಟೆ

ಹಗಲು ಹೊತ್ತಿನಲ್ಲಿ ಊಸರವಳ್ಳಿ ಕಣ್ಣು ಮುಚ್ಚಬಾರದು. ಮುಚ್ಚಿತೆಂದರೆ ಒಳಗೆ ಏನೋ ಕೆಟ್ಟಿದೆ ಎಂದೇ ತಿಳಿಯಬೇಕು. ಈ ಮಾತು ಹೇಳಿದವನು ಮಗ. ಅದನ್ನು ಎದೆಗೆ ಹಚ್ಚಿಕೊಂಡವನು ಹಾಸಿಗೆ ಹಿಡಿದ ಅಪ್ಪ. ಅಂದಿನಿಂದ ಎರಡು ಜೀವಗಳ ಕಣ್ಣು ಕಾಯುವ ಕೆಲಸ ಬಿದ್ದದ್ದು ಬೆರಳಮ್ಮನ ತಲೆಗೆ.

ಬೆರಳಮ್ಮ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಆ ಬೀದಿಯ ಕೂಸುಗಳೆಲ್ಲ ಆಕೆಯ ಕೈಗೇ ಬಿದ್ದು ಅತ್ತವು. ಬಸುರಿಯ ಹೊಟ್ಟೆಯ ಮೇಲೆ ಬೆರಳಿಟ್ಟು, ಕೂಸಿನ ತಲೆ ಎತ್ತ ತಿರುಗಿದೆ, ಇವತ್ತೋ ನಾಳೆಯೋ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಹೆರಿಗೆಗಳು ಆಸ್ಪತ್ರೆಯ ಪಾಲಾದ ಮೇಲೂ ಹೊಟ್ಟೆಗಳು ಆಕೆಯ ಬಾಗಿಲಿಗೆ ಬರುವುದು ನಿಲ್ಲಲಿಲ್ಲ. ಮಲ ಕಟ್ಟಿ ಅಳುವ ಮಗು, ಹೊಟ್ಟೆ ಉಬ್ಬಿ ಒದ್ದಾಡುವ ಮುದುಕ, ಯಾರೇ ಬರಲಿ, ಹರಳೆಣ್ಣೆ ಬೆಚ್ಚಗೆ ಮಾಡಿ ಹೊಕ್ಕುಳ ಸುತ್ತ ನೀವಿ ಕಳಿಸುತ್ತಿದ್ದಳು. ಸಾಯುವವರ ಪಕ್ಕ ಕೂರಲೂ ಆಕೆಯನ್ನೇ ಕರೆಯುತ್ತಿದ್ದರು. ಅಲ್ಲಿಯೂ ಆಕೆಗೆ ಗುರುತುಗಳು ಗೊತ್ತಿದ್ದವು. ಪಾದ ತಣ್ಣಗಾಗುವುದು, ಕಣ್ಣು ಸೂರಿನಲ್ಲಿ ನೆಡುವುದು, ಎಲ್ಲಕ್ಕಿಂತ ಮೊದಲು ಬೆರಳು ಹೊದಿಕೆಯನ್ನು ಸರ ಸರ ಕೆರೆಯಲು ತೊಡಗುವುದು. ಆ ಕೆರೆತ ಶುರುವಾದ ಹಾಸಿಗೆಯಿಂದ ಯಾರೂ ಎದ್ದದ್ದನ್ನು ಆಕೆ ಕಂಡಿರಲಿಲ್ಲ.

ಆಕೆಯ ಯಜಮಾನ ನೀರಿನ ಪೈಪು ಹೂಳಲು ರಸ್ತೆ ಅಗೆಯುವ ಕೆಲಸದವನು. ಯಾವ ಬೀದಿಯ ಅಡಿಯಲ್ಲಿ ಎಂಥ ಮಣ್ಣಿದೆ ಎಂದು ಬಾಯಲ್ಲೇ ಹೇಳಬಲ್ಲವನು. ನಲ್ಲಿಯಲ್ಲಿ ನೀರು ಬಂದಾಗಲೆಲ್ಲ ನನ್ನನ್ನು ನೆನೆಸಿಕೋ ಎಂದು ಹೆಂಡತಿಯನ್ನು ಕಾಡಿಸುತ್ತಿದ್ದ. ನೀರು ಬಾರದ ದಿನ ಯಾರನ್ನು ಬೈಯಬೇಕು ಅಂತಲೂ ಹೇಳಿಬಿಡಿ ಎಂದು ಆಕೆ ತಿರುಗೇಟು ಕೊಡುತ್ತಿದ್ದಳು. ಆ ಮಾತುಗಾರನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ನಾಲಿಗೆಯೂ ಹೋಯಿತು. ಉಳಿದದ್ದು ಎಡಗೈ, ಎರಡು ಕಣ್ಣು, ಅರ್ಧ ನಗು.

ಮಗ ಮೀನು, ಹಕ್ಕಿ ಮಾರುವ ಅಂಗಡಿಯವನು. ಅಪ್ಪ ಗೋಡೆ ನೋಡಿಕೊಂಡು ಮಲಗಿರುವುದನ್ನು ಕಾಣಲಾರದೆ ಒಂದು ಊಸರವಳ್ಳಿ ತಂದು, ಜಾಲರಿಯ ಪೆಟ್ಟಿಗೆಯಲ್ಲಿ ಕಿಟಕಿಯ ಪಕ್ಕ ಇಟ್ಟ. ಒಳಗೊಂದು ಹೂಕುಂಡದಲ್ಲಿ ಗಿಡ, ಮೇಲೊಂದು ಬಿಸಿಗಾಗಿ ದೀಪ. ತಲೆಯ ಮೇಲಿನ ಜುಟ್ಟು ಕೆಲಸದವರ ಹೆಲ್ಮೆಟ್ಟಿನಂತೆ ಇದ್ದುದರಿಂದ ಮೇಸ್ತ್ರಿ ಎಂದು ಹೆಸರಾಯಿತು. ಜುಟ್ಟಿರುವುದು ಗಂಡು ಎಂದು ಮಾರಿದವನು ಮಗನಿಗೆ ಹೇಳಿದ್ದ, ಮಗ ಮನೆಯಲ್ಲಿ ಹೇಳಿದ. ಎದುರುಮನೆಯ ದರ್ಜಿ ಬಂದು ನೋಡಿ, ಬಣ್ಣ ಬದಲಾಯಿಸುವವರು ಬೀದಿ ತುಂಬ ಇರುವಾಗ ಇನ್ನೊಂದನ್ನು ಸಾಕುವುದೇಕೆ ಎಂದು ನಕ್ಕುಹೋದ. ಯಜಮಾನನಿಗೆ ಮಾತ್ರ ಅದೇ ಲೋಕವಾಯಿತು. ಅದು ನಾಲಿಗೆ ಚಾಚಿ ಮಿಡತೆ ಹಿಡಿದರೆ ಅವನ ಗಂಟಲಲ್ಲೂ ಒಂದು ಗುಟುಕು ಇಳಿಯುತ್ತಿತ್ತು. ಮೇಸ್ತ್ರಿ ತಿಂದ ದಿನ ಇವನೂ ಗಂಜಿ ಕುಡಿಯುತ್ತಿದ್ದ. ಅದು ಬಾಯಿ ಬಿಡದ ದಿನ ಇವನ ತುಟಿಯೂ ಬಿಗಿದುಕೊಳ್ಳುತ್ತಿತ್ತು.

ಬರಬರುತ್ತ ಬಾಯಿ ಬಿಡದ ದಿನಗಳೇ ಹೆಚ್ಚಾದವು.

ಮೊದಲು ಬೆರಳಮ್ಮನ ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯ ತಳ. ಮೇಸ್ತ್ರಿಯ ಹಿಕ್ಕೆ ಕರಿಯ ಕಡ್ಡಿಯಂತಿದ್ದು ತುದಿಯಲ್ಲಿ ಬಿಳಿ ಸುಣ್ಣದ ಬೊಟ್ಟು ಇರುತ್ತಿತ್ತು. ಬಿಳಿ ಇದ್ದರೆ ಕ್ಷೇಮ, ಹಳದಿಯಾದರೆ ನೀರು ಸಾಲದು ಎಂದು ಮಗ ಕಲಿಸಿದ್ದ. ಈಗ ಬಿಳಿಯೂ ಇಲ್ಲ, ಹಳದಿಯೂ ಇಲ್ಲ, ತಳ ತೊಳೆದಿಟ್ಟ ತಟ್ಟೆಯಂತೆ ಒಣಗಿತ್ತು. ಹೊಟ್ಟೆ ನೋಡಿದರೆ ಎರಡೂ ಕಡೆ ಉಬ್ಬಿತ್ತು. ಎಲೆಹಸಿರು ಬಣ್ಣ ಹೋಗಿ ಮೈ ಮಸಿಹಿಡಿದ ಪಾತ್ರೆಯಂತಾಗಿತ್ತು.

"ಇದಕ್ಕೆ ಮಲ ಕಟ್ಟಿದೆ ಕಣೋ," ಎಂದಳು ಮಗನಿಗೆ. "ಹೊಟ್ಟೆ ಮನುಷ್ಯರದಾದರೇನು, ಇದರದಾದರೇನು. ನಾನು ನೋಡ್ಕೋತೀನಿ."

ಮಗ ನಾಯಿಬೆಕ್ಕಿನ ಡಾಕ್ಟರಿಗೆ ಫೋನು ಮಾಡಿ ಕೇಳಿದ್ದ. ಅವರು, ಇಂಥದ್ದನ್ನು ಮುಟ್ಟಿದವನಲ್ಲ ನಾನು, ಬೆಚ್ಚಗಿನ ನೀರು ಚಿಮುಕಿಸಿ ನೋಡಿ ಎಂದಿದ್ದರು. ಇನ್ನು ಅಮ್ಮನ ಕೈಯೇ ಗತಿ ಎಂದು ಅವನೂ ಒಪ್ಪಿದ.

ಬೆರಳಮ್ಮ ಬೆಚ್ಚಗಿನ ನೀರು ಚಿಮುಕಿಸಿದಳು. ಕಡ್ಡಿಯ ತುದಿಯಲ್ಲಿ ಒಂದೇ ಒಂದು ತೊಟ್ಟು ಹರಳೆಣ್ಣೆಯನ್ನು ಬಾಯಂಚಿಗೆ ಸವರಿದಳು. ಮೇಸ್ತ್ರಿಯನ್ನು ಅಂಗೈಯಲ್ಲಿ ಮಲಗಿಸಿಕೊಂಡು ಹೆಬ್ಬೆರಳಿನಿಂದ ಎದೆಯ ಕಡೆಯಿಂದ ಬಾಲದ ಕಡೆಗೆ ಮೆಲ್ಲಗೆ ನೀವಿದಳು. ಒಳಗೆ ಗಂಟು ಗಂಟು ಸಿಕ್ಕವು, ಒಂದರ ಪಕ್ಕ ಒಂದು, ಮಣಿಸರದಂತೆ. ಆಡಿನ ಹಿಕ್ಕೆಯ ಹಾಗೆ ಗಟ್ಟಿಯಾಗಿಬಿಟ್ಟಿದೆ ಎಂದುಕೊಂಡಳು. ಮಂಚದ ಮೇಲಿಂದ ಯಜಮಾನ ಊಂ ಊಂ ಎಂದು ತಲೆ ಹೊರಳಿಸಿದ. ಅವನಿಗೆ ಕರುಳು ಚುರುಕ್ ಎನ್ನುತ್ತಿದೆ ಎಂದುಕೊಂಡು ಆಕೆ ಬೆನ್ನು ತಿರುಗಿಸಿ ಕೂತು ಕೆಲಸ ಮುಂದುವರಿಸಿದಳು.

ಏನೂ ಇಳಿಯಲಿಲ್ಲ. ಅದಕ್ಕೆ ಬದಲಾಗಿ ಮೇಸ್ತ್ರಿಗೆ ಹುಚ್ಚು ಹಿಡಿದಂತಾಯಿತು. ಕೊಂಬೆ ಬಿಟ್ಟು ಕೆಳಗಿಳಿದು ಮೂಲೆಯಿಂದ ಮೂಲೆಗೆ ಅಲೆಯುವುದು, ಹೂಕುಂಡ ಹತ್ತಿ ಉಗುರಿನಿಂದ ಕೆರೆಯುವುದು. ಕುಂಡದಲ್ಲಿ ಮಣ್ಣು ಕಾಣುತ್ತಿರಲಿಲ್ಲ. ಮೇಸ್ತ್ರಿ ಹಿಂದೊಮ್ಮೆ ಮಣ್ಣು ಚೆಲ್ಲಾಡಿದ್ದು ಹಾಸಿಗೆಗೆ ಬಿತ್ತೆಂದು ಬೆರಳಮ್ಮನೇ ಮೇಲೆ ಬೆಣಚುಕಲ್ಲು ಜೋಡಿಸಿ ಬಿಗಿಮಾಡಿದ್ದಳು. ಆ ಕಲ್ಲಿನ ಮೇಲೆ ಉಗುರು ಕರ ಕರ ಎನ್ನುತ್ತಿತ್ತು. ನೋವು ತಾಳದೆ ಒದ್ದಾಡುತ್ತಿದೆ ಎಂದು ಆಕೆ ಇನ್ನಷ್ಟು ಎಣ್ಣೆ ಕಾಯಿಸಿದಳು.

ಆಗ ಇನ್ನೊಂದು ಸದ್ದು ಆಕೆಯ ಕಿವಿಗೆ ಬಿತ್ತು.

ಸರ ಸರ. ಯಜಮಾನನ ಎಡಗೈಯ ತೋರುಬೆರಳು ಹೊದಿಕೆಯನ್ನು ಕೆರೆಯುತ್ತಿತ್ತು.

ಬೆರಳಮ್ಮ ಎಣ್ಣೆಯ ಬಟ್ಟಲು ಕೆಳಗಿಟ್ಟು ಮಂಚದ ಪಕ್ಕಕ್ಕೆ ಬಂದಳು. ಎಷ್ಟೋ ಮನೆಗಳಲ್ಲಿ ಕೇಳಿದ ಸದ್ದು ಈಗ ತನ್ನ ಮನೆಯನ್ನೇ ಹುಡುಕಿಕೊಂಡು ಬಂದಿತ್ತು. ಯಾರಿಗೂ ಹೇಳಲಿಲ್ಲ. ಮಗನಿಗೆ ಮಾತ್ರ, ಅಂಗಡಿ ಬೇಗ ಮುಚ್ಚಿಕೊಂಡು ಬಾ, ಅಪ್ಪನ ಹತ್ತಿರ ಕೂರು ಎಂದಳು. ಯಾಕಮ್ಮ ಎಂದರೆ, ಬರೀ ಯಾಕೆ ಯಾಕೆ ಅಂತ ಕೇಳಬೇಡ ಎಂದು ಗದರಿದಳು. ಗಂಡನ ಬೆರಳನ್ನು ತನ್ನ ಬೆರಳಲ್ಲಿ ಹೆಣೆದು ಹಿಡಿದರೆ ಅವನು ಕೊಸರಿಕೊಂಡು ಮತ್ತೆ ಕೆರೆಯುತ್ತಿದ್ದ. ಮೇಸ್ತ್ರಿ ಈಗ ಆಗಾಗ ಹಗಲಲ್ಲೇ ಒಂದು ಕಣ್ಣು ಮುಚ್ಚುತ್ತಿತ್ತು. ಅದು ಹೋದ ದಿನ ಇವರೂ ಹೋಗುತ್ತಾರೆ ಎಂಬುದು ಆಕೆಯೊಳಗೆ ಕಲ್ಲಿನಂತೆ ಕೂತುಬಿಟ್ಟಿತು.

ಒಂದು ಮಧ್ಯಾಹ್ನ ಮಂಚಕ್ಕೂ ಪೆಟ್ಟಿಗೆಗೂ ನಡುವೆ ನೆಲದ ಮೇಲೆ ಕೂತಿದ್ದಳು. ಒಂದು ಕಿವಿಗೆ ಕರ ಕರ, ಇನ್ನೊಂದು ಕಿವಿಗೆ ಸರ ಸರ. ಎರಡನ್ನೂ ಕೇಳುತ್ತ ಕೂತಳು. ಕರ ಕರ ನಿಂತಿತು. ಸರ ಸರವೂ ನಿಂತಿತು. ಸ್ವಲ್ಪ ಹೊತ್ತಿಗೆ ಕಲ್ಲಿನ ಮೇಲೆ ಉಗುರು ಆಡಿತು. ಕೂಡಲೇ ಹೊದಿಕೆಯ ಮೇಲೆ ಬೆರಳೂ ಆಡಿತು.

ಬೆರಳಮ್ಮ ತಿರುಗಿ ಗಂಡನ ಮುಖ ನೋಡಿದಳು. ಕಣ್ಣು ಸೂರಿನಲ್ಲಿ ನೆಟ್ಟಿರಲಿಲ್ಲ. ಪೆಟ್ಟಿಗೆಯನ್ನು ನೋಡುತ್ತಿತ್ತು. ಆಮೇಲೆ ಆಕೆಯನ್ನು ನೋಡಿತು. ಮತ್ತೆ ಪೆಟ್ಟಿಗೆಯನ್ನು. ತೋರುಬೆರಳು ಕೆರೆಯುತ್ತಿರಲಿಲ್ಲ, ಅಗೆಯುತ್ತಿತ್ತು. ಬದುಕಿಡೀ ಗುಂಡಿ ತೋಡಿದವನು ಗುಂಡಿ ತೋಡುವ ಇನ್ನೊಂದು ಜೀವವನ್ನು ಗುರುತು ಹಿಡಿದಿದ್ದ.

"ಅದು ತೋಡ್ತಿದೆಯೇನ್ರೀ?"

ಯಜಮಾನನ ಗಂಟಲಿನಿಂದ ಒಂದು ಉದ್ದನೆಯ ಊಂ ಬಂತು. ಕಣ್ಣಂಚಿನಲ್ಲಿ ನೀರು.

ಬೆರಳಮ್ಮ ಮೇಸ್ತ್ರಿಯನ್ನು ಅಂಗೈಗೆ ಎತ್ತಿಕೊಂಡಳು. ಈ ಸಲ ನೀವಲಿಲ್ಲ. ಹಿಂದೆ ಬಸುರಿಯರ ಹೊಟ್ಟೆ ಮುಟ್ಟುತ್ತಿದ್ದ ಹಾಗೆ ಕಣ್ಣು ಮುಚ್ಚಿ ಬೆರಳನ್ನು ಸುಮ್ಮನೆ ಇಟ್ಟಳು. ಗಂಟುಗಳೆಲ್ಲ ಒಂದೇ ಗಾತ್ರ, ಒಂದೇ ನುಣುಪು. ಹಿಕ್ಕೆ ಹೀಗೆ ಇರುವುದಿಲ್ಲ. ಗಂಡು ಎಂದು ಕೇಳಿದ ಒಂದೇ ಮಾತಿಗೆ ಕೈ ಕುರುಡಾಗಿತ್ತು. ತುಂಬಿದ ಹೊಟ್ಟೆಯನ್ನು ತಾನು ಎಣ್ಣೆ ಹಚ್ಚಿ ಒತ್ತಿದ್ದಳು.

ಸಂಜೆ ಮಗ ಬಂದಾಗ ಬಾಗಿಲಲ್ಲೇ ಹಿಡಿದಳು. "ನಿನ್ನ ಮೇಸ್ತ್ರಿ ಬಸುರಿ ಕಣೋ."

"ಒಂಟಿ ಪ್ರಾಣಿ ಅಮ್ಮ, ಅದು ಹೇಗೆ?"

"ಹುಂಜ ಇಲ್ಲದಿದ್ರೂ ಕೋಳಿ ಮೊಟ್ಟೆ ಇಡಲ್ವಾ? ನನಗೂ ಈಗ ಹೊಳೀತು, ಇಷ್ಟು ಹೊಟ್ಟೆ ಮುಟ್ಟಿದ ಮೇಲೂ. ಹೋಗು, ಮರಳು ತಗೊಂಡು ಬಾ."

ಎದುರುಮನೆಯ ದರ್ಜಿ ಗೋಡೆ ಕಟ್ಟಿಸಿ ಉಳಿಸಿದ್ದ ಮರಳು ಬಕೆಟ್ಟಿನಲ್ಲಿ ಬಂತು. ಒಣಗಿ ಸುರಸುರ ಜಾರುತ್ತಿತ್ತು. ಯಜಮಾನ ಎಡಗೈ ಚಾಚಿ ಬೇಡ ಎಂಬಂತೆ ಆಡಿಸಿದ. ಬಕೆಟ್ಟನ್ನು ಹತ್ತಿರ ತಂದರೆ ಒಂದು ಮುಷ್ಟಿ ಹಿಡಿದು ತೋರಿಸಿದ, ಬೆರಳ ಸಂದಿಯಿಂದ ಎಲ್ಲ ಸೋರಿತು. ಒಣಮರಳಿನಲ್ಲಿ ತೋಡಿದ್ದು ತೋಡಿದವರ ಮೇಲೇ ಕುಸಿಯುತ್ತದೆ. ಬೆರಳಮ್ಮ ನೀರು ಸುರಿದು ಕಲಸುತ್ತ ಹೋದಳು. ಅವನು ಮತ್ತೆ ಮತ್ತೆ ಮುಷ್ಟಿ ಕಟ್ಟಿ ನೋಡಿದ. ಕೊನೆಗೆ ಅಂಗೈ ಬಿಚ್ಚಿದಾಗ ಮರಳು ಬೆರಳಚ್ಚಿನ ಸಮೇತ ಉಂಡೆಯಾಗಿ ನಿಂತಿತ್ತು. ತಲೆಯಾಡಿಸಿದ. ಕುಂಡವನ್ನು ಮೂಲೆಗೆ ಸರಿಸಿ ಆ ಬಕೆಟ್ಟನ್ನು ಪೆಟ್ಟಿಗೆಯೊಳಗೆ ಇಟ್ಟು, ಪೆಟ್ಟಿಗೆಯ ಸುತ್ತ ಬಟ್ಟೆ ಮುಚ್ಚಿದರು.

ಮಾರನೆಯ ಹಗಲೆಲ್ಲ ಬಟ್ಟೆಯ ಹಿಂದೆ ಮೆತ್ತಗಿನ ಅಗೆತದ ಸದ್ದು. ಹೊದಿಕೆಯ ಮೇಲಿನ ಬೆರಳು ಸುಮ್ಮನಾಗಿತ್ತು. ಸಂಜೆಗೆ ಸದ್ದು ನಿಂತಿತು. ಸತ್ತಿದೆಯೋ ಬದುಕಿದೆಯೋ ಎಂದು ಬೆರಳಮ್ಮನಿಗೆ ಬಟ್ಟೆ ಎತ್ತುವ ಧೈರ್ಯ ಬರಲಿಲ್ಲ. ಬೆಳಗಾದ ಮೇಲೆ ಮಗನೇ ಎತ್ತಿದ. ಮರಳು ಮಟ್ಟವಾಗಿ ಮುಚ್ಚಿತ್ತು. ಮೇಸ್ತ್ರಿ ಕೊಂಬೆಯ ಮೇಲೆ ಮೈಯೆಲ್ಲ ಮರಳು ಮೆತ್ತಿಕೊಂಡು, ಹೊಟ್ಟೆ ಖಾಲಿ ಚೀಲದಂತೆ ಒಳಸೇರಿ, ಎಲೆಯ ಮೇಲಿನ ನೀರನ್ನು ಕುಡಿಯುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಮಿಡತೆ ಹಿಡಿಯಿತು. ಅದಾದ ಮೇಲೆ ತಳದಲ್ಲಿ ಒಂದು ಕರಿಯ ಕಡ್ಡಿ ಬಿತ್ತು, ತುದಿಯಲ್ಲಿ ಬಿಳಿಯ ಬೊಟ್ಟು.

"ನಿನ್ನ ಕೈಗುಣ ಅಮ್ಮ," ಎಂದ ಮಗ.

"ನನ್ನ ಕೈ ಅದನ್ನ ಕೊಲ್ತಿತ್ತು. ಉಳಿಸಿದ್ದು ನಿಮ್ಮಪ್ಪನ ಬೆರಳು."

ಯಜಮಾನ ಅರ್ಧ ಮುಖದಲ್ಲಿ ನಕ್ಕ. ಅಂದು ಬಟ್ಟಲು ಗಂಜಿ ಪೂರ್ತಿ ಕುಡಿದ. ಮಗ ನಿಶ್ಚಿಂತೆಯಾಗಿ ಅಂಗಡಿಗೆ ಹೋದ. ಉಳಿದಿದ್ದ ಹರಳೆಣ್ಣೆ ಹಾಳಾಗುವುದು ಬೇಡವೆಂದು ಬೆರಳಮ್ಮ ಗಂಡನ ಪಾದಕ್ಕೆ ಸವರತೊಡಗಿದಳು. ಎಷ್ಟು ತಿಕ್ಕಿದರೂ ಪಾದ ಬೆಚ್ಚಗಾಗಲೊಲ್ಲದು. ಬಿಸಿಲು ಬಿದ್ದಿದೆ, ಕಿಟಕಿ ತೆರೆದಿದೆ, ಎಣ್ಣೆ ಬಿಸಿ ಇದೆ, ಆದರೂ ಪಾದ ತಣ್ಣಗೇ ಇದೆ.

ಸರ ಸರ.

"ಮುಗೀತು ಕಣ್ರೀ," ಎಂದಳು ತಲೆ ಎತ್ತದೆ. "ಮೊಟ್ಟೆ ಇಟ್ಟು, ಮುಚ್ಚಿ ಬಂದಿದ್ದಾಳೆ ನಿಮ್ಮ ಮೇಸ್ತ್ರಿ. ಇನ್ನೇನಿದೆ ತೋಡೋಕೆ?"

ಸದ್ದು ನಿಲ್ಲಲಿಲ್ಲ.

ಬೆರಳಮ್ಮ ಮೊದಲು ಪೆಟ್ಟಿಗೆಯ ಕಡೆ ನೋಡಿದಳು. ಮೇಸ್ತ್ರಿ ಕೊಂಬೆಯ ಮೇಲೆ ಅಲುಗಾಡದೆ ಕೂತಿತ್ತು, ಒಂದು ಕಣ್ಣು ಹೊರಳಿಸಿ ಮಂಚವನ್ನೇ ನೋಡುತ್ತಿತ್ತು. ಆಮೇಲೆ ಗಂಡನ ಮುಖ ನೋಡಿದಳು. ಅವನ ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ. ಆಕೆಯ ಮೇಲೂ ಇರಲಿಲ್ಲ. ಸೂರಿನಲ್ಲಿ ನೆಟ್ಟಿತ್ತು.

ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡು ಅವನ ಕೈಯ ಮೇಲೆ ಇಟ್ಟಳು. ಆಕೆಯ ಅಂಗೈಯ ಕೆಳಗೆ ಆ ಬೆರಳು ಅಗೆಯುತ್ತಲೇ ಇತ್ತು.