ಮೊದಲ ತುತ್ತು ಮುಕದ್ದಮನದು

ಹೋದ ವಾರ ಸ್ಟೇಶನ್ ಬಜಾರದಲ್ಲಿ ಹತ್ತಿಕಾಳಿನ ಚೀಲ ಇಳಿಸುತ್ತಿದ್ದರು. ಒಂದು ಚೀಲ ಹರಿದು ಆ ಎಣ್ಣೆಗಟ್ಟಿದ ಒಗರು ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಮುಕದ್ದಮ ಕಾಕಾ ನೆನಪಾದರು. ಎಷ್ಟು ವರ್ಷಗಳ ಮೇಲೆ...

ಪುಣೆಯಲ್ಲಿ ಬಿ.ಎ. ಮುಗಿಸಿ ಬಂದ ನಾನು ಕಲಬುರಗಿಯ ಒಂದು ಜಿನ್ನಿಂಗ್ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳ ಮೇಲಿನ ಆಳುಗಳಿಗೆಲ್ಲ ಕಾಕಾನೇ ಮುಕದ್ದಮ, ಅಂದರೆ ಮೇಸ್ತ್ರಿ; ಕಮಲಾಪುರದವರು. ಮಧ್ಯಾಹ್ನ ಆಳುಗಳು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಜಾತಿಗೊಂದು ಗುಂಪು, ಗುಂಪಿಗೊಂದು ಅಂತರ. ಆದರೆ ಒಂದು ಕಟ್ಟಳೆ ಎಲ್ಲರಿಗೂ ಒಂದೇ: ಮುಕದ್ದಮ ರೊಟ್ಟಿ ಮುರಿದು "ಹಾಂ, ಉಣ್ರಿ" ಅನ್ನುವ ತನಕ ಯಾರೂ ಬಾಯಿಗೆ ತುತ್ತು ಇಡುತ್ತಿರಲಿಲ್ಲ.

ಒಂದು ದಿನ ಕಾರ್ಖಾನೆಯ ಮಾಲಕ ಸೇಠ ಅವರನ್ನು ಮ್ಯಾನೇಜರ್ ಮಾಡಿದ. ಒಂದು ಕೋಣೆ, ಕುರ್ಚಿ, ಕರಿ ಶೇರವಾನಿ, ಕೆಂಪು ಟೊಪ್ಪಿಗೆ ಕೊಟ್ಟ.

"ತಮ್ಮಾ, ಹ್ಯಾಂಗ ಕಾಣಾಕತ್ತೀನಿ? ಖರೇ ಹೇಳು" ಎಂದು ಕಾಕಾ ಕೇಳಿದರು.

"ತಹಸೀಲ್ದಾರ ಸಾಹೇಬರ ಬೀಗರು ಕಂಡಂಗ ಕಾಣ್ತೀರಿ ಕಾಕಾ."

ನಕ್ಕರು. ನಕ್ಕರೆಂದೇ ನನ್ನ ನೆನಪು...

ಅಂದು ಮಧ್ಯಾಹ್ನ ಅವರು ಕೋಣೆಯ ಬಾಗಿಲು ಹಾಕಿಕೊಂಡೇ ಉಂಡರು. "ನಾ ಹೋಗಿ ಕುಂತ್ರ ಅವರಿಗೆ ರೊಟ್ಟಿ ಇಳಿಯಂಗಿಲ್ಲ. ಪಾಪ, ಆರಾಮ ಉಣ್ಲಿ" ಎಂದರು. ಹೊರಗೆ ಮರದ ಕೆಳಗೆ ಆಳುಗಳು ಬುತ್ತಿ ಬಿಚ್ಚಿ ಅವರಿಗಾಗಿ ಕಾಯುತ್ತಿದ್ದರು. ಕೆಲಸದ ಗಂಟೆ ಹೊಡೆಯಿತು. ಬುತ್ತಿ ಕಟ್ಟಿಕೊಂಡು ಹಸಿದೇ ಎದ್ದರು. ಮರುದಿನವೂ ಹಾಗೇ ಆಯಿತು. ಆದರೆ ಈ ಸಲ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಯಂತ್ರಗಳು ನಿಂತದ್ದನ್ನು ಕಂಡು ಸೇಠ ಓಡಿ ಬಂದ. "ಇದು ಹರತಾಳ! ಮುಂದಾದವರನ್ನ ಈಗಿಂದೀಗ ಕೆಲಸದಿಂದ ತಗೀರಿ, ಇಲ್ಲಾಂದ್ರ ನೀವೂ ನಡೀರಿ!" ಎಂದು ಕಾಕಾನ ಮೇಲೆ ಕೂಗಿದ.

ಕಾಕಾ ಮರದ ಕೆಳಗೆ ಬಂದು ನಿಂತರು. ತಮ್ಮ ಮಂದಿಯೇ ತಮ್ಮನ್ನು ಒಲ್ಲೆನ್ನುತ್ತಿದ್ದಾರೆಂದು ಅವರಿಗೂ ಅನಿಸಿತ್ತೇನೋ, ಮುಖ ಬಾಡಿತ್ತು. "ಏನಾಗ್ಯಾದ ನಿಮಗ?"

ಕಸ ಹೊಡೆಯುವ ಮುದುಕಿಯೊಬ್ಬಳು ತಿರುಗಿ ಬಿದ್ದಳು. "ನಮಗೇನಾಗ್ಯಾದ? ನೀ ರೊಟ್ಟಿ ಮುರೀಲಾರದ ನಾವು ಹ್ಯಾಂಗ ಉಣ್ಣೂದೋ ಯಪ್ಪಾ? ದೊಡ್ಡಾವ ಆದಾವ ನೀ. ನಮ್ಮ ಹೊಟ್ಟಿ ಎರಡು ದಿನ ಖಾಲಿ!"

ಕಾಕಾ ಶೇರವಾನಿಯಲ್ಲೇ ನೆಲದ ಮೇಲೆ ಕುಳಿತು, ಅವಳ ಬುತ್ತಿಯ ರೊಟ್ಟಿಯನ್ನೇ ಮುರಿದರು. ಅವಳ ರೊಟ್ಟಿ ಮುಟ್ಟದ ಜಾತಿಯ ಕೆಲವರು ತಲೆ ತಗ್ಗಿಸಿದರು. ಆಮೇಲೆ ಎಲ್ಲರೂ ಉಂಡರು.

"ಇಲ್ಲಿ ನೆಲದ ಮ್ಯಾಲ ಕುಂತಾವ ಆ ಕುರ್ಚಿ ಮ್ಯಾಲ ಕೂಡಂಗಿಲ್ಲ" ಎಂದ ಸೇಠ.

ಕಾಕಾ ಏನೋ ಉತ್ತರ ಕೊಟ್ಟರು. ಅದನ್ನು ದೊಡ್ಡ ಮಾತೆಂದು ನಾನು ಹಲವರಿಗೆ ಹೇಳಿದ್ದೇನೆ, ಪ್ರತಿ ಸಲ ಬೇರೆ ಬೇರೆ ಥರ. ಅವರು ಬರೀ "ನೀರು ಕೊಡ್ರಿ" ಅಂದಿದ್ದರೂ ಅಂದಿರಬಹುದು... ಯಾರ ಕೆಲಸವೂ ಹೋಗಲಿಲ್ಲ, ಅವರದೊಂದನ್ನು ಬಿಟ್ಟು. ಅವರು ಕಮಲಾಪುರಕ್ಕೆ ಮರಳಿದರು.

ಈಗ ನಾನೂ ಒಂದು ಕಚೇರಿಯ ಮುಖ್ಯಸ್ಥ. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಆ ಮೌನದಲ್ಲಿ ಯಾವ ಮುಖ ಹೊತ್ತು ನಡೆಯಬೇಕೆಂದು ತಿಳಿಯದೆ ದಣಿದಿದ್ದೇನೆ. ಕಾಕಾನನ್ನೇ ಕೇಳೋಣವೆಂದು ಕಚೇರಿಯ ಶುಕ್ರವಾರದ ರಜೆಗೆ ಕಮಲಾಪುರಕ್ಕೆ ಹೋದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಆ ಮಧ್ಯಾಹ್ನದ ಕಥೆಯನ್ನು ಅವರ ಮಗನಿಗೆ ಹೇಳಿದೆ. ಅವನು ನಂಬಲಿಲ್ಲ. "ನಮ್ಮಪ್ಪ ಯಾರ ಜೋಡಿನೂ ಉಣ್ತಿದ್ದಿಲ್ರಿ. ಮಂದಿ ನೋಡಾಕತ್ರ ಅವರಿಗೆ ತುತ್ತೇ ಇಳೀತಿದ್ದಿಲ್ಲ. ನೀವು ಬ್ಯಾರೆ ಯಾರನ್ನೋ ನೋಡೀರಿ."

ಇರಬಹುದು. ಅಥವಾ ದಿನವೂ ಆ ಮೊದಲ ತುತ್ತು ನುಂಗಲು ಅವರು ಎಷ್ಟು ಕಷ್ಟಪಡುತ್ತಿದ್ದರೆಂದು ಕಾಣುವ ಕಣ್ಣು ನನಗಿರಲಿಲ್ಲ...

ಮಗ ಒಳಗಿನಿಂದ ತಾಟು ತಂದು ನನ್ನ ಮುಂದಿಟ್ಟ. "ಸಾಹೇಬರು ಆರಾಮ ಉಣ್ರಿ" ಎಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಹೋದ. ರೊಟ್ಟಿ ಮುರಿಯದೆ ಎಷ್ಟೋ ಹೊತ್ತು ಕುಳಿತೆ. "ಹಾಂ, ಉಣ್ರಿ" ಅನ್ನಲು ಯಾರೂ ಬರುವವರಿರಲಿಲ್ಲ.