ಸಾಕ್ಷಿ ಹೇಳಿ ಸಮವಸ್ತ್ರ ಕಳೆದುಕೊಂಡ ಪೊಲೀಸಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಿಪೋದಲ್ಲಿ ಸಾಲಾಗಿ ನಿಂತ ಬಸ್ಸುಗಳ ನಡುವೆ ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ನೀರಿನ ಪೈಪನ್ನು ಹೆಗಲಿಗೇರಿಸಿಕೊಂಡು ಬರುತ್ತಾರೆ. ಚಕ್ರದ ಸಂದಿಯ ಕೆಸರು, ಕಿಟಕಿಯಿಂದ ಇಳಿದು ಒಣಗಿದ ವಾಂತಿ, ಸೀಟಿನಡಿಯ ಕಡಲೆಕಾಯಿ ಸಿಪ್ಪೆ ಎಲ್ಲವೂ ಅವರ ಪಾಲಿಗೆ. ಬೆಳಗಿನ ಪಾಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಸ್ಸು ತೊಳೆಯಬೇಕು. ಚಾಲಕರು ಅವರನ್ನು ಕರೆಯುವುದು ‘ಪೊಲೀಸಕ್ಕ’ ಎಂದು. ಮೊದಮೊದಲು ಅದು ಗೇಲಿಯಾಗಿತ್ತು. ಈಗ ಡಿಪೋದಲ್ಲಿ ಯಾರಾದರೂ ಕೈ ಕೈ ಮಿಲಾಯಿಸಿದರೆ ಬಿಡಿಸಲು ಎಲ್ಲರೂ ಕೂಗುವುದು ಅವರನ್ನೇ.

ಪೊಲೀಸಕ್ಕ ನಿಜಕ್ಕೂ ಪೊಲೀಸ್. ಹನ್ನೊಂದು ವರ್ಷ ಕಾನ್‌ಸ್ಟೆಬಲ್ ಆಗಿದ್ದವರು. ಆ ಖಾಕಿಯನ್ನು ಅವರ ಮೈಮೇಲಿಂದ ಕಿತ್ತುಕೊಂಡ ಬಗೆ ಕೇಳಿದರೆ ಯಾರಿಗಾದರೂ ಮೈ ಉರಿಯುತ್ತದೆ.

ಅದೊಂದು ಸಂಜೆ ಅವರು ಠಾಣೆಯ ಜೀಪಿನ ಹಿಂದಿನ ಸೀಟಿನಲ್ಲಿದ್ದರು. ಕುಡಿದಿದ್ದ ಇನ್‌ಸ್ಪೆಕ್ಟರ್, ಚಾಲಕನನ್ನು ಪಕ್ಕಕ್ಕೆ ಸರಿಸಿ ತಾವೇ ಸ್ಟೀರಿಂಗ್ ಹಿಡಿದಿದ್ದರು. ತಿರುವಿನಲ್ಲಿ ಜೀಪು ಹಣ್ಣಿನ ಗಾಡಿ ತಳ್ಳುತ್ತಿದ್ದವನ ಮೇಲೆ ಹರಿಯಿತು. ಆತ ಅಲ್ಲೇ ಸತ್ತ. ಬೆಳಗಾಗುವಷ್ಟರಲ್ಲಿ ಜೀಪು ಓಡಿಸಿದ್ದು ಚಾಲಕನೇ ಎಂದು ಪ್ರಕರಣ ದಾಖಲಾಗಿತ್ತು. ಹೆದರಿದ ಚಾಲಕ ತುಟಿ ಬಿಚ್ಚಲಿಲ್ಲ.

ವಿಚಾರಣೆ ಶುರುವಾದಾಗ ಪೊಲೀಸಕ್ಕನಿಗೆ ಸಾಕ್ಷಿಯ ಸಮನ್ಸ್ ಬಂತು. “ಸಾಹೇಬ್ರು ಕರೆದು, ನಿದ್ದೆ ಮಾಡ್ತಿದ್ದೆ ಅಂತ ಹೇಳು ಸಾಕು ಅಂದ್ರು. ಆ ಸದ್ದು ಕೇಳಿದ್ಮೇಲೆ ನನಗೆ ಇವತ್ತಿಗೂ ಸರಿಯಾಗಿ ನಿದ್ದೆ ಬರಲ್ಲ. ಅವತ್ತು ಮಲಗಿದ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ?” ಎನ್ನುತ್ತಾರೆ, ಬಕೆಟ್ಟಿಗೆ ಸೋಪಿನ ಪುಡಿ ಸುರಿಯುತ್ತ.

ಕೋರ್ಟಿಗೆ ಹೋದರು, ಕಂಡದ್ದನ್ನು ಕಂಡಂತೆ ಹೇಳಿದರು. ಚಾಲಕ ಬಿಡುಗಡೆಯಾದ. ಇನ್‌ಸ್ಪೆಕ್ಟರ್ ಮೇಲೆ ಈವರೆಗೂ ಕೇಸಿಲ್ಲ, ಬಡ್ತಿಯಂತೂ ಸಿಕ್ಕಿದೆ. ಪೊಲೀಸಕ್ಕನಿಗೆ ಸಿಕ್ಕಿದ್ದು ವಜಾ ಆದೇಶ. ಪದೇ ಪದೇ ಹೇಳದೆ ಕೇಳದೆ ಕೆಲಸಕ್ಕೆ ಗೈರುಹಾಜರಾಗಿದ್ದಾರೆ ಎಂಬುದು ಆರೋಪ. ಯಾವ ದಿನಗಳಂದು? ವಿಚಾರಣೆ ಮುಂದೂಡುತ್ತ ಹೋದಾಗಲೆಲ್ಲ ಅವರು ಸಾಕ್ಷಿ ಹೇಳಲು ಕೋರ್ಟಿನ ಜಗಲಿಯಲ್ಲಿ ಕಾದು ಕೂತಿದ್ದ ದಿನಗಳಂದು! ಸಮನ್ಸನ್ನು ಠಾಣೆಯಲ್ಲಿ ತೋರಿಸಿಯೇ ಹೋಗಿದ್ದರು. ಅಂಥದ್ದೇನೂ ನಮ್ಮ ಕಣ್ಣಿಗೆ ಬಿದ್ದಿಲ್ಲ ಎಂದು ಇಡೀ ಠಾಣೆ ಕೈ ತೊಳೆದುಕೊಂಡಿತು.

ಗಂಡ ಟೈಲರ್, ಬೆನ್ನುನೋವಿನಿಂದ ಹೊಲಿಗೆ ಅರ್ಧಕ್ಕಿಳಿದಿತ್ತು. ಶಾಲೆಗೆ ಹೋಗುವ ಮಗಳು. ಅತ್ತೆ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು ಮೂರನೆಯ ದಿನ ಅಡುಗೆಮನೆಯಲ್ಲಿ ಮಾತು ತೆಗೆದರಂತೆ: “ನಿನ್ನ ಬಾಯಿಜೋರು ನನ್ನ ಹತ್ರ ಮಾತ್ರ ಅಂದ್ಕೊಂಡಿದ್ದೆ ಕಣೆ. ಸಾಹೇಬರ ಹತ್ರಾನೂ ತೋರಿಸಿದ್ದೀಯ. ಹೋಗು, ಕೇಸು ಹಾಕು. ಮನೆ ನಾನು ನೋಡ್ಕೋತೀನಿ.” ಹೇಳುತ್ತ ಪೊಲೀಸಕ್ಕ ನಗುತ್ತಾರೆ. ಇಡೀ ಮಾತುಕತೆಯಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ನೌಕರರ ನ್ಯಾಯಮಂಡಳಿ ವಜಾ ಆದೇಶವನ್ನು ರದ್ದು ಮಾಡಿ, ಇವರ ಮಾತನ್ನೂ ಕೇಳಿ ಹೊಸದಾಗಿ ವಿಚಾರಣೆ ನಡೆಸಿ ಎಂದಿತು. ಇಲಾಖೆ ನಡೆಸಿತು, ಶಾಸ್ತ್ರಕ್ಕೆ. ವಿಚಾರಣೆಗೆ ಕೂತ ಅಧಿಕಾರಿ ಆ ಇನ್‌ಸ್ಪೆಕ್ಟರನ ಜೊತೆಗೇ ತರಬೇತಿ ಪಡೆದ ಗೆಳೆಯ. ಕೋರ್ಟಿನ ಗುಮಾಸ್ತರನ್ನು ಕರೆಸಿ ಕೇಳಿ ಎಂದು ಪೊಲೀಸಕ್ಕ ಬೇಡಿಕೊಂಡರೆ, ಅದರ ಅಗತ್ಯವಿಲ್ಲ ಎಂದುಬಿಟ್ಟರು. ಮತ್ತೆ ವಜಾ. ಒಬ್ಬ ಹೆಂಗಸನ್ನು ಮಣಿಸಲು ಇಷ್ಟು ದೊಡ್ಡ ಇಲಾಖೆ ಇಷ್ಟೊಂದು ಬೆವರು ಸುರಿಸಬೇಕೆ? ಆ ಬೆವರಿನಲ್ಲಿ ಒಂದು ಹನಿ ಸತ್ತವನಿಗಾಗಿ ಸುರಿದಿದ್ದರೂ ಸಾಕಿತ್ತು.

ಆಗಲೇ ಅವರು ಡಿಪೋ ಸೇರಿದ್ದು. ಬೆಳಗ್ಗೆ ಬಸ್ಸು, ಮಧ್ಯಾಹ್ನ ವಕೀಲರ ಕಚೇರಿ. ಒಮ್ಮೆ ಹಳೆಯ ಸಹೋದ್ಯೋಗಿಯೊಬ್ಬ ನಿಲ್ದಾಣದಲ್ಲಿ ಇವರನ್ನು ಕಂಡು, ಮುಖ ತಪ್ಪಿಸಲು ಇನ್ನೊಂದು ಬಸ್ಸು ಹತ್ತಿದನಂತೆ. ರಾಜಿ ಮಾಡಿಕೊಂಡು ತಪ್ಪೊಪ್ಪಿಗೆ ಬರೆದುಕೊಟ್ಟರೆ ಕೆಲಸ ವಾಪಸ್ ಕೊಡುತ್ತೇವೆಂದು ಹೇಳಿ ಕಳುಹಿಸಿದವರೂ ಇದ್ದರು. “ಆ ಹಣ್ಣಿನವನ ಹೆಂಡ್ತಿ ನಮ್ಮ ಬೀದೀಲೇ ಮನೆಕೆಲಸಕ್ಕೆ ಬರ್ತಾಳೆ. ಬರ್ಕೊಟ್ಟು ಅವಳ ಎದುರಿಗೆ ಹೇಗೆ ಓಡಾಡ್ಲಿ?” ಎಂದು ಕೇಳುತ್ತಾರೆ.

ಹೋದ ತಿಂಗಳು ಹೈಕೋರ್ಟ್ ಎರಡನೆಯ ವಜಾ ಆದೇಶವನ್ನೂ ಕಿತ್ತು ಹಾಕಿದೆ. ಕೋರ್ಟಿನ ಕರೆಗೆ ಓಗೊಟ್ಟವರನ್ನು ಶಿಕ್ಷಿಸುವುದು ಯಾವ ನ್ಯಾಯ ಎಂದು ನ್ಯಾಯಮೂರ್ತಿಗಳು ಇಲಾಖೆಗೆ ಛೀಮಾರಿ ಹಾಕಿ, ಕೆಲಸಕ್ಕೆ ಸೇರಿಸಿಕೊಳ್ಳಲು ಹೇಳಿದ್ದಾರೆ. ಹಾಗಂತ ಎಲ್ಲ ಮುಗಿದಿಲ್ಲ. ಆದೇಶ ಹಿಡಿದು ಹೋದಾಗಲೆಲ್ಲ ಸಾಹೇಬರಿಲ್ಲ, ನಾಳೆ ಬನ್ನಿ ಎಂಬ ಉತ್ತರ. ಅಷ್ಟು ವರ್ಷ ಸತಾಯಿಸಿದವರಿಗೆ ಇನ್ನೂ ತೃಪ್ತಿಯಾದಂತಿಲ್ಲ.

ಕೊನೆಯ ಬಸ್ಸಿನ ಗಾಜಿಗೆ ನೀರು ಹೊಡೆದು ಅವರು ಪೈಪು ಸುತ್ತುತ್ತಾರೆ. ಕೈ ಬೆರಳುಗಳು ನೆನೆದು ಸುಕ್ಕುಗಟ್ಟಿವೆ. ಕೆಲಸ ಸಿಕ್ಕ ಮೇಲೆ ಮೊದಲು ಏನು ಕೇಳುತ್ತೀರಿ ಎಂದರೆ ಪೈಪನ್ನು ಗೋಡೆಯ ಮೊಳೆಗೆ ನೇತುಹಾಕಿ ಹೇಳುತ್ತಾರೆ:

“ಊರಾಚೆ ಠಾಣೆಗೆ ಹಾಕ್ಲಿ, ಬಾಗಿಲು ಕಾಯೋಕೆ ನಿಲ್ಲಿಸ್ಲಿ, ಬೇಜಾರಿಲ್ಲ. ನನ್ನ ಹೆಸರಿನ ಮುಂದೆ ಗೈರುಹಾಜರಿ ಅಂತ ಬರೆದಿದ್ದಾರಲ್ಲ, ಅದೊಂದನ್ನ ಹೊಡೆದು ಹಾಕ್ಲಿ. ನಾನು ಅವತ್ತು ಹಾಜರಿದ್ದೆ.”